ಎಲ್ಲದಕ್ಕೂ ಉತ್ತರ ಹೇಳುವ ಕಂಪ್ಯೂಟರ್

ಆಗ ನನಗೆ ಇಪ್ಪತ್ತಾರು ವರ್ಷ. ಜಂಬ ಮಾತ್ರ ವಯಸ್ಸಿಗೆ ಮೀರಿದ್ದು. ರಾಣೇಬೆನ್ನೂರಿನಿಂದ ದಿನಾ ಬೆಳಿಗ್ಗೆ ರೈಲು ಹಿಡಿದು ಬ್ಯಾಡಗಿಗೆ ಬಂದು, ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಪ್ರಿನ್ಸಿಪಾಲರು ಎಲ್ಲಿಯೋ ಹ್ಯಾಕಥಾನ್ ಎಂಬ ಶಬ್ದ ಕೇಳಿಕೊಂಡು ಬಂದು, ನಾವೂ ಒಂದು ಮಾಡೋಣ ಎಂದರು. ದೊಡ್ಡ ಊರುಗಳಲ್ಲಿ ಹುಡುಗರು ರಾತ್ರಿಯಿಡೀ ಕೂತು ಪ್ರೋಗ್ರಾಮ್ ಬರೆಯುತ್ತಾರಂತೆ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಯಾರು ಹಾಗೆ ಬಿಡುತ್ತಾರೆ? ಎರಡು ಹಗಲು ಎಂದು ಗೊತ್ತುಮಾಡಿದೆವು. ಹಾವೇರಿ, ರಾಣೇಬೆನ್ನೂರಿನ ಕಾಲೇಜುಗಳಿಂದಲೂ ಮಕ್ಕಳು ಬರುವವರಿದ್ದರು.

ಬಂದವರಿಗೆ ಮಾಹಿತಿ ಕೊಡಲು ನಾನೊಬ್ಬ ಸಹಾಯಕನನ್ನು ತಯಾರು ಮಾಡಿದೆ. ಮನುಷ್ಯನಲ್ಲ, ಪ್ರೋಗ್ರಾಮು. ವರಾಂಡದ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್; ಊಟ, ನೀರು, ಲ್ಯಾಬ್, ಬಸ್ಸು ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಸಾಕು, ಪರದೆಯ ಮೇಲೆ ಉತ್ತರ ಬರುತ್ತಿತ್ತು. ಬಸ್ಸಿನ ಸಮಯಗಳನ್ನಂತೂ ನಾನೇ ನಿಲ್ದಾಣಕ್ಕೆ ಹೋಗಿ, ಬೋರ್ಡು ನೋಡಿ ಬರೆದುಕೊಂಡು ಬಂದಿದ್ದೆ. ಮೊದಲ ದಿನ ಬೆಳಿಗ್ಗೆ ಹಾವೇರಿಯ ಹುಡುಗನೊಬ್ಬ ಅದಕ್ಕೇ "ಊಟ ಆತೇನ್ರಿ?" ಎಂದು ಒತ್ತಿ ವಿಚಾರಿಸಿದ. "ಊಟ ಒಂದು ಗಂಟೆಗೆ, ಹಿಂದಿನ ಹಾಲ್‌ನಲ್ಲಿ" ಎಂದು ಅದು ಗಂಭೀರವಾಗಿ ಹೇಳಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಚಾಚಾನ ಮೇಲೆ. ಚಾಚಾ ಎಂದರೆ ನಮ್ಮ ಕಾಲೇಜಿನ ಹಿರಿಯ ಪ್ಯೂನ್. ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಬಂದವರೆಲ್ಲ ಎದುರಿಗಿದ್ದ ನನ್ನ ಕಂಪ್ಯೂಟರ್ ಬಿಟ್ಟು ನೆಟ್ಟಗೆ ಅವರನ್ನೇ ಕೇಳುತ್ತಿದ್ದರು. ಅವರೋ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದರು. ಹತ್ತು ಗಂಟೆಗೆ ನಾನು ಹೋಗಿ ಹೇಳಿಯೇಬಿಟ್ಟೆ:

"ಚಾಚಾ, ಇವತ್ತು ನಾಳೆ ಯಾರ ಏನ ಕೇಳಿದ್ರೂ ಹೇಳಬ್ಯಾಡ್ರಿ. ಕಂಪ್ಯೂಟರ್ ಕಡೆ ಕಳಸ್ರಿ."

"ಹೂಂನ್ರಿ ಮೇಡಮ್ಮಾರ," ಎಂದರು ಚಾಚಾ. ಅವರ ಮುಖ ಸಣ್ಣದಾದದ್ದು ಕಂಡಿತ್ತು. ಕಂಡೂ ಕಾಣದವಳ ಹಾಗೆ ಬಂದೆ.

ಸ್ಪರ್ಧೆಗೆ ಬಂದವರಲ್ಲಿ ಕಾಗಿನೆಲೆಯ ಹುಡುಗಿಯೊಬ್ಬಳಿದ್ದಳು. ದಿನಾ ಹಾವೇರಿ ಬಸ್ಸಿಗೆ ಹೋಗಿ ಅಲ್ಲಿ ಓದುವವಳು. ಬ್ಯಾಡಗಿ ಅವಳಿಗೆ ಹೊಸದು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು, ತಡವಾದರೆ ಎರಡನೆಯ ದಿನ ಕಳಿಸುವುದಿಲ್ಲ ಎಂದು ಅವಳ ಅಪ್ಪ ಮೊದಲೇ ಹೇಳಿದ್ದರಂತೆ. ಊಟಕ್ಕೂ ಏಳದೆ ಬರೆಯುತ್ತಿದ್ದಳು. ಅವಳ ಕೆಲಸ ಅರ್ಧ ಆಗಿತ್ತು, ಮತ್ತು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿತ್ತು. ಅವಳು ಮರುದಿನ ಬರಲೇಬೇಕು ಎಂದು ಅವಳಿಗಿಂತ ಹೆಚ್ಚು ನನಗೇ ಆಸೆಯಿತ್ತು.

ಐದಕ್ಕೆ ಹೊರಟವಳು ಆರೂಕಾಲಿಗೆ ವಾಪಸ್ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಬಸ್ಸs ಬರ್ಲಿಲ್ರಿ ಮೇಡಂ. ಐದೂವರೆಗೆ ಸ್ಟ್ಯಾಂಡಿನಾಗ ಅಂತ ಕಂಪ್ಯೂಟರ್ ಹೇಳಿತ್ತು."

ನಾನು ಬಸ್ಸಿನವರನ್ನು ಬೈಯಲು ಶುರುಮಾಡಿದೆ. ಚಾಚಾ ಸ್ಟೂಲಿನಿಂದ ಎದ್ದು ಬಂದರು.

"ಇವತ್ತ ಮಾರ್ಕೆಟ್ ದಿನ ಐತ್ರಿ. ಮೆಣಸಿನಕಾಯಿ ಮಾರಿದ ರೈತ್ರು ಖಾಲಿ ಚೀಲ ಹೊತ್ಗೊಂಡು ಸ್ಟ್ಯಾಂಡಿನ ತನಕ ಹೆಂಗ ಬರತಾರ? ಆ ಬಸ್ಸು ಮಾರ್ಕೆಟ್ ಯಾರ್ಡಿನ ಗೇಟಿಗೇ ನಿಂತು, ಅಲ್ಲಿಂದನs ಹೋಗ್ತೈತಿ. ಬ್ಯಾಡಗ್ಯಾಗ ಎಲ್ಲಾರಿಗೂ ಗೊತ್ತೈತಿ."

"ಮತ್ತ ಆಕಿಗೆ ಯಾಕ ಹೇಳ್ಲಿಲ್ರಿ ನೀವು?" ಎಂದು ಜೋರಾಗಿಯೇ ಕೇಳಿದೆ.

"ಕೇಳಿದ್ಳ್ರಿ ಹುಡುಗಿ. ಬಾಯಿ ತನಕಾ ಬಂದಿತ್ತು. ನೀವು ಹೇಳಬ್ಯಾಡ ಅಂದಿದ್ರಿ... ಇಷ್ಟು ಓದಿದವ್ರು ಮಾಡಿದ ಮಿಷಿನ್, ಅದಕ್ಕೂ ಗೊತ್ತಿರತೈತಿ ಅನ್ಕೊಂಡೆ."

ಅವರ ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಮೇಲೆ ಖರೇನೇ ಭರವಸೆ ಇಟ್ಟಿದ್ದರು. ನೆಲ ಬಾಯಿಬಿಡಬಾರದೇ ಎನಿಸಿತು.

ಮುಂದಿನ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅವಳ ಮನೆಯಲ್ಲಿ ಫೋನಿರಲಿಲ್ಲ. ಚಾಚಾ ಓಡಿಹೋಗಿ ಪರಿಚಯದ ಟಂಟಂ ಆಟೋ ಕರೆದುಕೊಂಡು ಬಂದರು. ಮೂವರೂ ಹತ್ತಿದೆವು. ಯಾರ್ಡಿನ ರಸ್ತೆಯಲ್ಲಿ ಲಾರಿಗಳ ಸಾಲು. ಮೆಣಸಿನಕಾಯಿ ಘಾಟಿಗೆ ಎಲ್ಲರಿಗೂ ಸೀನು ಬಂತು. ಹುಡುಗಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಒಂದಿಷ್ಟು ಸಮಾಧಾನವಾದರೂ ಹೇಳಬಹುದಿತ್ತು.

ಕಾಗಿನೆಲೆ ಮುಟ್ಟಿದಾಗ ಮನೆಗಳಲ್ಲಿ ದೀಪ ಹತ್ತಿದ್ದವು. ಬಸ್ಸು ನಿಲ್ಲುವ ಕಡೆ ಅವಳ ಅಪ್ಪ ಒಬ್ಬರೇ ನಿಂತಿದ್ದರು. ಮಗಳನ್ನು ಕಂಡೊಡನೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ತಿಳೀದಿದ್ರ ಯಾರಾರ ಹಿರೇರ್ನ ಕೇಳು ಅಂತ ಹೇಳಿದ್ನೆಲ್ಲವಾ? ಯಾಕ ಕೇಳ್ಲಿಲ್ಲ?"

ಹುಡುಗಿ ಚಾಚಾನ ಕಡೆ ಒಮ್ಮೆ ನೋಡಿದಳು. ಕೇಳಿದ್ದೆ ಎಂದರೆ ಸಾಕಿತ್ತು, ಅವಳ ತಪ್ಪೇನೂ ಉಳಿಯುತ್ತಿರಲಿಲ್ಲ. ತಲೆ ತಗ್ಗಿಸಿ ಅಂದಳು: "ಮರ್ತೆ ಅಪ್ಪಾ."

ಚಾಚಾನನ್ನು ಉಳಿಸಲು ಆ ಮಗು ಮರುದಿನವನ್ನು ಕೈಯಾರೆ ಬಿಟ್ಟುಕೊಟ್ಟಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಚಾಚಾ ಮುಂದೆ ಬಂದರು.

"ಸುಳ್ಳು ಹೇಳಾಕತ್ತಾಳ್ರಿ ಯಜಮಾನ್ರ. ನನ್ನ ಕೇಳಿದ್ಳು. ಗೊತ್ತಿದ್ದೂ ನಾನs ಹೇಳ್ಲಿಲ್ಲ."

"ಅವರ ತಪ್ಪಲ್ರಿ," ಎಂದೆ. "ಹೇಳಬ್ಯಾಡ್ರಿ ಅಂತ ಅವರ ಬಾಯಿ ಕಟ್ಟಿದಾಕಿ ನಾನು. ಬರೇ ಬೋರ್ಡ್ ನೋಡಿ ಬಸ್ಸಿನ ಟೈಮು ಬರದಾಕಿನೂ ನಾನು."

ಅಪ್ಪ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಏನನ್ನು ಅಳೆಯುತ್ತಿದ್ದರೋ ತಿಳಿಯಲಿಲ್ಲ.

"ನಾಳೆ ಸಂಜಿಗೆ ಈಕಿನ್ನ ಬಸ್ಸಿಗೆ ಹತ್ತಸಾವ್ರು ಯಾರ್ರಿ?"

"ನಾನು," ಎಂದೆ. ಅದೇ ಮಾತನ್ನು ಅದೇ ಕ್ಷಣ ಚಾಚಾನೂ ಅಂದರು.

ಅಪ್ಪ ಮಗಳ ಹೆಗಲಿನಿಂದ ಚೀಲ ಇಳಿಸಿ ತಾವು ಹಾಕಿಕೊಂಡರು. "ಹಂಗಾರ ಮುಂಜಾನಿ ಮೊದಲ್ನೇ ಬಸ್ಸಿಗೆ ಕಳಸ್ತೇನಿ. ಲಗೂ ಉಂಡು ಮಲಗು, ನಡಿಯವಾ."

ಅಲ್ಲಿಯವರೆಗೂ ತಡೆದುಕೊಂಡಿದ್ದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು.