ಇಳಿಯದೆ ಹತ್ತಿದ ದಿನ್ನೆ

ರಾಯಕೋಟೆ ಕಡೆಯಿಂದ ಹೊಸೂರಿಗೆ ಹೋಗೋ ದಾರಿಯಲ್ಲಿ ಒಂದು ಕಡಿದಾದ ದಿನ್ನೆ. ಅದರ ನಟ್ಟನಡುವೆ, ರಸ್ತೆಗೆ ಮುಖಮಾಡಿ, ದೊಡ್ಡಗೌಡರ ಮನೆ. ಸೈಕಲ್ಲಿನಲ್ಲಿ ಬಂದವರು ಯಾರೇ ಆಗಲಿ, ಆ ಮನೆ ಮುಂದೆ ಇಳಿದು ತಳ್ಳಿಕೊಂಡು ಹೋಗಬೇಕು, ಅದು ಗೌಡರ ಕಟ್ಟಳೆ. ಮುರಿದವರು ಒಬ್ಬರೂ ಇರಲಿಲ್ಲ. ಹೇಗೆ ಮುರಿದಾರು? ಆ ಏರಿನಲ್ಲಿ ಪೆಡಲು ತುಳಿಯೋಕೆ ಭೀಮನೇ ಹುಟ್ಟಿ ಬರಬೇಕು! ಜನ ಏದುಸಿರು ಬಿಡುತ್ತಾ ಇಳಿಯೋರು, ಗೌಡರು ಜಗಲಿ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಮೀಸೆ ತಿರುವೋರು.

ಮುತ್ತರಾಯಪ್ಪನೂ ಇಳಿಯುತ್ತಿದ್ದ. ಗೌಡರ ಹೊಲವನ್ನೇ ಗುತ್ತಿಗೆಗೆ ಮಾಡುತ್ತಿದ್ದವನು, ಅವನು ಇಳಿಯದೆ ಇನ್ಯಾರು ಇಳಿದಾರು? ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನೋದು ಬರೀ ಬಾಯಿಮಾತು, ಏರು ಬಂದರೆ ಕೂತವರೇ ಇಳಿದು ನೂಕಬೇಕಿತ್ತು. ಅದಕ್ಕೇ ಅವನು ಬದನೆ, ಹುರುಳಿಕಾಯಿ ಮೂಟೆಯನ್ನು ಸೈಕಲ್ಲಿಗೇ ಬಿಗಿದು ಹೊಸೂರಿಗೆ ಒಯ್ಯುತ್ತಿದ್ದ. ದಾರಿಯುದ್ದಕ್ಕೂ ದಿನ್ನೆಗಳು. ಇಳಿ, ತಳ್ಳು, ಹತ್ತು, ಮತ್ತೆ ಇಳಿ. ಸಂತೆ ಸೇರೋ ಹೊತ್ತಿಗೆ ಬಿಸಿಲೇರಿ ಕಾಯೆಲ್ಲ ಬಾಡಿ, ಕೊಳ್ಳೋರು ಮೂಗು ಮುರಿಯೋರು.

ಹೊಸೂರಲ್ಲಿ ಸೈಕಲ್ ರಿಪೇರಿ ಮಾಡೋ ಪಾಪಯ್ಯನ ಹತ್ತಿರ ಒಂದು ದಿನ ಗೋಳು ಹೇಳಿಕೊಂಡ.

"ಹಿಂದಿನ ಗಾಲಿಗೆ ಇದಕ್ಕಿಂತ ಜಾಸ್ತಿ ಹಲ್ಲಿರೋ ದೊಡ್ಡ ಚಕ್ರ ಹಾಕಿದ್ರೆ ತುಳಿಯೋದು ಹಗುರ ಆಗ್ತದಣ್ಣ," ಅಂದ ಪಾಪಯ್ಯ. "ಆದ್ರೆ ಕಾಲು ಜಾಸ್ತಿ ಸುತ್ತಬೇಕು, ಬಯಲಲ್ಲಿ ನಿಧಾನ. ನಿನ್ನಂಥ ಗಟ್ಟಿ ಆಳಿಗೆ ಯಾಕೆ? ಮುದುಕರು ಹಾಕ್ಕೊಳೋದು ಅದು."

"ಹಾಕಪ್ಪಾ ನೀನು! ನಾನು ಗಟ್ಟಿ ಆಳು ಅಂತ ಬದನೆಕಾಯಿ ಬಾಡ್ದೆ ಇರ್ತದಾ?"

ಪಾಪಯ್ಯ ಚಕ್ರ ಬದಲಾಯಿಸಿ, ಚೈನಿಗೆ ಒಂದೆರಡು ಕೊಂಡಿ ಸೇರಿಸಿಕೊಟ್ಟ. ಊರಿನ ಹೈಕಳು ನಕ್ಕಿದ್ದೇ ನಕ್ಕಿದ್ದು. "ಏನ್ಲಾ ಮುತ್ತರಾಯ, ಅಷ್ಟು ತುಳುದ್ರೂ ಎತ್ತಿನ ಗಾಡೀನೇ ಮುಂದಕ್ಕೋಯ್ತಲ್ಲೋ!"

"ಏರಿಗೆ ಬಾರ್ಲಾ, ಅಲ್ಲಿ ಮಾತಾಡಾನ," ಅಂದ ಇವನು.

ನಗದೆ ಇದ್ದವಳು ಹೆಂಡತಿ ಬೈರಮ್ಮ ಒಬ್ಬಳೇ. "ಅದ್ಸರಿ, ಗೌಡ್ರ ಮನೆ ಮುಂದೆ ಏನ್ ಮಾಡ್ತೀಯ?"

ಅಯ್ಯೋ ಶಿವನೇ! ಅದು ಅವನ ತಲೆಗೇ ಹೊಳೆದಿರಲಿಲ್ಲ. ದಿನ್ನೆ ನಡುವೆ ಒಮ್ಮೆ ಇಳಿದರೆ ಮೂಟೆ ಹೊತ್ತ ಸೈಕಲ್ಲನ್ನು ಮತ್ತೆ ಹತ್ತೋಕಾಗಲ್ಲ, ನೆತ್ತಿ ತನಕ ತಳ್ಳಲೇಬೇಕು. ಇಳಿದರೆ ಚಕ್ರ ಹಾಕಿಸಿದ್ದು ದಂಡ. ಇಳಿಯದಿದ್ದರೆ ಹೊಲ ಹೋದಂತೆ.

"ಹೊಲ ಅವರ್ದು, ಕಾಲು ನಿಂದು," ಅಂದಳು ಬೈರಮ್ಮ. "ನೀನೇ ಯೋಚ್ನೆ ಮಾಡು."

ಮಾರನೇ ಬೆಳಿಗ್ಗೆ ಮುತ್ತರಾಯಪ್ಪ ದಿನ್ನೆಗೆ ಸೈಕಲ್ ಏರಿಸಿದ. ಪೆಡಲು ಗಿರಗಿರ ಸುತ್ತುತ್ತಿತ್ತು, ಸೈಕಲ್ಲು ಮೆಲ್ಲಮೆಲ್ಲಗೆ ಏರುತ್ತಿತ್ತು, ನಿಲ್ಲಲಿಲ್ಲ. ಜಗಲಿ ಕಂಡಿತು. ಗೌಡರು ಎದ್ದು ನಿಂತರು.

"ಲೇ ಮುತ್ತರಾಯ! ಇಳೀಲಾ ಕೆಳಕ್ಕೆ! ಕಣ್ಣು ಕಾಣಾಕಿಲ್ವಾ?"

ಅಭ್ಯಾಸಬಲ, ಒಂದು ಕಾಲು ಪೆಡಲಿನಿಂದ ಜಾರಿಯೇ ಬಿಟ್ಟಿತ್ತು. ಹೊಲ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇಷ್ಟು ವರ್ಷ ತಲೆ ಬಗ್ಗಿಸಿ ತಳ್ಳಿದ್ದೆಲ್ಲ ಬಂದು ಮೈ ಉರಿದುಹೋಯಿತು. ಕಾಲು ಮತ್ತೆ ಪೆಡಲಿಗೆ ಹೋಯಿತು.

"ಸ್ವಾಮೀ, ಇಷ್ಟು ದಿನ ನಾನು ಇಳೀತಿದ್ದಿದ್ದು ನಿಮಗಲ್ಲ, ದಿನ್ನೆಗೆ! ಈಗ ದಿನ್ನೇನೇ ನನ್ನ ಬುಟ್ಬುಡ್ತು, ನೀವೂ ಬುಟ್ಬುಡಿ!"

ಗೌಡರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಮುತ್ತರಾಯಪ್ಪ ನೆತ್ತಿ ದಾಟಿ ಹೊಸೂರಿನ ದಾರಿ ಹಿಡಿದ.

ಆ ಸುಗ್ಗಿ ಮುಗಿಯುತ್ತಲೇ ಹೊಲ ಹೋಯಿತು. ಗಂಡಹೆಂಡಿರು ಕೈಕಾಲು ಹಿಡಿಯೋಕೆ ಹೋಗಲಿಲ್ಲ. ಕಾಯಿ ಬಾಡದೆ ಸಂತೆ ಸೇರೋದು ಕಂಡು, ನಕ್ಕ ಹೈಕಳೇ ತಮ್ಮ ಮೂಟೆಗಳನ್ನು ಅವನ ಸೈಕಲ್ಲಿಗೆ ಹೇರಿದರು, ಆ ಕೂಲಿಯಲ್ಲೇ ಸಂಸಾರ ನಡೆಯಿತು. ಆಮೇಲಾಮೇಲೆ ಅವರೂ ಒಬ್ಬೊಬ್ಬರಾಗಿ ಪಾಪಯ್ಯನ ಅಂಗಡಿಗೆ ಹೋದರು.

ವಯಸ್ಸಾಗಿ ಮಂಡಿ ಸೋತ ಮೇಲೆ ಯಾವ ಚಕ್ರವೂ ಅವನನ್ನು ಆ ದಿನ್ನೆ ಹತ್ತಿಸಲಿಲ್ಲ. ಆಗ ಕೆರೆ ಏರಿ ಮೇಲಿನ ಸುತ್ತುದಾರಿ ಹಿಡಿದ.

"ಇಳಿದು ತಳ್ಕೊಂಡು ಹೋಗಣ್ಣೋ, ಆ ಗೌಡ್ರು ಸತ್ತು ಯಾವ ಕಾಲ ಆಯ್ತು," ಅಂತ ಯಾರೋ ಅಂದರು.

"ಗೌಡ್ರು ಸತ್ರೇನ್ಲಾ, ಜಗಲಿ ಇನ್ನೂ ಐತಲ್ಲ!" ಅಂದು ಸೈಕಲ್ಲನ್ನು ಕೆರೆ ಕಡೆಗೆ ತಿರುಗಿಸಿದ.