ಹಳೆಯ ಕರ್ನೆಲ್ ಅಲ್ಲೇ ಇತ್ತು

ಪರದೆ ಕಪ್ಪಾಗಿ, ಬಿಳಿ ಅಕ್ಷರಗಳು ಅರ್ಧಕ್ಕೇ ನಿಂತುಬಿಟ್ಟವು. ರೋಣದ ಆ ಕಂಪ್ಯೂಟರ್ ಕೇಂದ್ರ ನಡೆಸುತ್ತಿದ್ದ ಸರ್ ಕುರ್ಚಿಯಿಂದ ಎದ್ದೇ ಬಂದರು. "ಕೆಡಸಿದಿ ನೋಡು! ಮುಟ್ಟಬ್ಯಾಡ ಅಂತ ಎಷ್ಟ್ ಬಡ್ಕೊಂಡ್ನಿ. ನಮ್ಮಂಥ ಊರಾಗ ಆಗೂ ಕೆಲಸಲ್ಲ ಇದು."

ನಾನು ಗಜೇಂದ್ರಗಡದ ನೇಕಾರರ ಮನೆಯವಳು. ಮಗ್ಗಕ್ಕೆ ಕಂಪ್ಯೂಟರಿನಿಂದ ನಡೆಯುವ ಪುಟ್ಟ ಮೋಟರ್ ಜೋಡಿಸುವುದು ನನ್ನ ಡಿಪ್ಲೊಮಾ ಪ್ರಾಜೆಕ್ಟ್. ಆದರೆ ಮೌಸ್ ಅಲುಗಿದರೂ ಮೋಟರ್ ತಡವರಿಸುತ್ತಿತ್ತು. ಮಗ್ಗದ ಮೇಲಾದರೆ ಎಳೆಯೇ ಹರಿದುಹೋಗುತ್ತಿತ್ತು. ಕಂಪ್ಯೂಟರಿನ ಕೆಲಸಗಳಿಗೆಲ್ಲ ಸರದಿ ಹಚ್ಚುವುದು ಕರ್ನೆಲ್. ಮೋಟರಿನ ಸರದಿಯನ್ನು ಕ್ಷಣವೂ ತಪ್ಪಿಸದ ರಿಯಲ್-ಟೈಮ್ ಕರ್ನೆಲ್ಲನ್ನು, ಕಂಪ್ಯೂಟರ್ ಪತ್ರಿಕೆಯೊಂದಿಗೆ ಬಂದ ಸಿ.ಡಿ.ಯಲ್ಲಿನ ಮೂಲ ಕೋಡಿನಿಂದ, ಬೆಳಗಿನಿಂದ ಕೂತು ಕಂಪೈಲ್ ಮಾಡಿ ಕೇಂದ್ರದ ಈ ಕಂಪ್ಯೂಟರಿಗೆ ಹಾಕಿದ್ದೆ.

"ಕೆಟ್ಟಿಲ್ರಿ ಸರ್. ಹಳೇದನ್ನ ತಗದಿಲ್ಲ, ಬಾಜೂಕ ಇಟ್ಟೇನಿ" ಎಂದೆ. ಮತ್ತೆ ಚಾಲೂ ಮಾಡಿ ಹಳೆಯ ಕರ್ನೆಲ್ ಆರಿಸಿದೆ. ಕಂಪ್ಯೂಟರ್ ಎಂದಿನಂತೆ ಎದ್ದಿತು. ಇನ್ನು ಮನೆಗೆ ಹೋಗು ಎಂದರು ಸರ್. ಹೋಗಲಿಲ್ಲ. ಹೊಸ ಕರ್ನೆಲ್ಲಿನಲ್ಲಿ ಹಾರ್ಡ್ ಡಿಸ್ಕ್ ಗುರುತಿಸುವ ಆಯ್ಕೆಯನ್ನೇ ಮರೆತುಬಿಟ್ಟಿದ್ದೆ, ಅದಕ್ಕೇ ಅದು ಅರ್ಧಕ್ಕೆ ನಿಂತಿತ್ತು. ಅದನ್ನು ಸೇರಿಸಿ ಮತ್ತೆ ಕಂಪೈಲಿಗೆ ಹಚ್ಚಿ, ಕುರ್ಚಿ ಬಿಡದೆ ಕೂತೆ.

ಸಂಜೆ ಹೊಸ ಕರ್ನೆಲ್ ಎದ್ದಿತು. ಮೋಟರ್ ತಿರುಗಲು ಬಿಟ್ಟು, ಮೌಸನ್ನು ಸರ್ ಕೈಗೇ ಕೊಟ್ಟೆ. "ಎಷ್ಟ್ ಬೇಕಷ್ಟು ಅಲುಗಾಡಸ್ರಿ." ಅವರು ಸಿಟ್ಟಿನಿಂದಲೇ ಗರಗರ ತಿರುಗಿಸಿದರು, ವಿಂಡೋ ಮೇಲೆ ವಿಂಡೋ ತೆರೆದರು. ಮೋಟರಿನ ಸದ್ದು ಒಮ್ಮೆಯೂ ಮುಗ್ಗರಿಸಲಿಲ್ಲ.

ಈಗಲೂ ಯಾರಾದರೂ "ಮುಟ್ಟಬ್ಯಾಡ, ಕೆಡ್ತೈತಿ" ಎಂದರೆ ವಾದಕ್ಕೆ ನಿಲ್ಲುವುದಿಲ್ಲ. ಹಳೆಯದನ್ನು ಜೋಪಾನವಾಗಿ ಬದಿಗಿಡುತ್ತೇನೆ. ಆಮೇಲೆ ಮುಟ್ಟುತ್ತೇನೆ.