ಗೈಡ್ ರೊಸೆಂಡೊನ ಬಾಯಿಪರೀಕ್ಷೆ

ಗಂಡ ತೀರಿಕೊಂಡ ಮೇಲೆ ಹಸಿಂತಾ ಕೊರ್ದೊಬಾದ ಹಳೆಯ ವಿಶ್ವವಿದ್ಯಾಲಯದ ಬಾಗಿಲಲ್ಲಿ ಬ್ರೆಡ್ ಮಾರಲು ಕುಳಿತ ಮೊದಲ ದಿನವೇ, ಗೈಡ್ ರೊಸೆಂಡೊ ಅವಳನ್ನೂ ಪ್ರವಾಸಿಗರ ಜೊತೆ ಒಳಗೆ ಕರೆದೊಯ್ದ. ಕಂಬ ಕಂಡರೆ ಮೈದಡವುವನು, ಗ್ರಂಥಾಲಯದಲ್ಲಿ, ಪುಸ್ತಕಗಳಿಗೆ ಎಚ್ಚರವಾದೀತೆಂದು ಪಿಸುಗುಡುವನು, ಯಾರಾದರೂ ಆಕಳಿಸಿದರೆ, “ನಾನೂರು ವರ್ಷ ನಿಂತಿರೋ ಗೋಡೇನೇ ಆಕಳಿಸಿಲ್ಲ, ನಿಮಗೇನ್ರೀ ಆಯಾಸ?” ಎನ್ನುವನು. ಇಂಥ ಮಾತುಗಾರ, ವಕೀಲಿ ಓದಿನ ಕೊನೆಯ ಬಾಯಿಪರೀಕ್ಷೆಗೆ ಕುಳಿತಾಗಲೆಲ್ಲ ಮೂಕನಾಗಿ ನಪಾಸಾಗುತ್ತಿದ್ದ. “ಗೋಡೆಗೆ ಹೇಳೋದನ್ನೇ ಮೇಷ್ಟ್ರಿಗೂ ಹೇಳೋ ಮಾರಾಯ!” ಎಂದು ಅವಳು ರೇಗಿಸುವಳು. ತಲೆ ಪೂರ್ತಿ ನರೆತ ಮೇಲೆ, ಮೊನ್ನೆ, ಪರೀಕ್ಷೆಯ ಕೋಣೆಯಿಂದ ಕುಣಿಯುತ್ತಲೇ ಹೊರಬಂದ. ಪದವಿ ಗೆದ್ದವರ ತಲೆಗೆ ಮನೆಯವರು ಮೊಟ್ಟೆ ಒಡೆದು ಹಿಟ್ಟು ಸುರಿಯುವುದು ಆ ಊರಿನ ಪದ್ಧತಿ. ರೊಸೆಂಡೊನಿಗೆ ಮನೆಯವರೆಂಬುವರಿಲ್ಲ. ಪ್ರವಾಸಿಗರೆಲ್ಲ ಚಪ್ಪಾಳೆ ತಟ್ಟುತ್ತಿರಲು, ಟೋಪಿ ತೆಗೆದು ಹಸಿಂತಾಳ ಮುಂದೆ ಮಂಡಿಯೂರಿ ಕೇಳಿದ: “ದೋನ್ಯಾ ಹಸಿಂತಾ, ಮೊದಲ ಮೊಟ್ಟೆ ನೀವೇ ಒಡೀತೀರಾ?”